ನರಿಯ ಬೆನ್ನು

ಆಳಂದದಲ್ಲಿ ನನ್ನದು ಮದುವೆ ಫೋಟೊ ತೆಗೆಯುವ ಸ್ಟುಡಿಯೋ. ಒಮ್ಮೆ ಹಿಮಾಚಲದ ಬೆಟ್ಟದ ರಸ್ತೆಯಲ್ಲಿ ಹೋಗುವಾಗ, ಹಿಮದ ಮೇಲೆ ಕೆಂಪು ನರಿಯೊಂದು ನಮಗೆ ಬೆನ್ನು ಹಾಕಿ ಕೂತಿತ್ತು. ಜೇವರ್ಗಿಯ ಗೆಳೆಯ ಸಲೀಂ ಕಾರು ನಿಲ್ಲಿಸಿ ಹಾರ್ನಿನ ಮೇಲೆ ಕೈ ಇಟ್ಟ.

"ಒಮ್ಮೆ ಹೊಡೀತೇನಿ, ತಿರುಗಿ ನೋಡ್ತದ."

ನಾನು ಅವನ ಕೈ ಹಿಡಿದೆ. "ಬ್ಯಾಡ. ಅದನ್ನ ಹೆದರಿಸಿ ಫೋಟೊ ತಗಿಯಂಗಿಲ್ಲ."

"ಇಷ್ಟು ದೂರ ಬಂದು ಬರೇ ಬೆನ್ನು ಒಯ್ತೀಯೇನಲೇ?"

"ಒಯ್ತೇನಿ."

ಕ್ಯಾಮೆರಾ ಎತ್ತಿ ಬೆನ್ನನ್ನಷ್ಟೇ ತೆಗೆದೆ. ನರಿ ಮುಖ ತೋರಿಸದೆಯೇ ಗುಡ್ಡದಾಚೆ ಇಳಿದು ಹೋಯಿತು.

ಆ ಬೆನ್ನಿನ ಫೋಟೊವನ್ನೇ ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ತೂಗುಹಾಕಿದ್ದೇನೆ. ಮೊನ್ನೆ ಮಗಳ ಮದುವೆಯ ಫೋಟೊ ವಿಚಾರಿಸಲು ಬಂದ ಸರಸಂಬಾ ಊರಿನ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ನಮ್ಮ ಹುಡುಗಿ ಮುಖ ಬರ್ತದಲ್ರಿ?" ಅಂದರು.

"ಆಕಿ ತೋರಿಸಿದ್ರ ಬರ್ತದ್ರಿ" ಅಂದೆ.