ಮಾರ್ಫಿನ್ ಚೀಟಿಗೆ ಕುಂಕುಮ

ಗೆಳತಿಯರೇ, ಇವತ್ತು ಯಜಮಾನರ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ತರಲು ಜೋಗೇಶ್ವರಿಯ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಬರೆದ ಚೀಟಿಯನ್ನು ದೇವರೆದುರು ಇಟ್ಟು, ಕುಂಕುಮ ಹಚ್ಚಿಯೇ ಒಯ್ದಿದ್ದೆ. ಅಲ್ಲಿ ಔಷಧ ಕೊಡುವವರು ಧಾರವಾಡದವರು, ಚೀಟಿ ನೋಡಿ ವಾಪಸು ಕೊಟ್ಟರು.

“ಅಕ್ಕಾರ, ಇದು ಅಫೀಮಿನ ಕಾನೂನಿನಾಗ ಬರೋ ಔಷಧ. ಸಹಿ ಮ್ಯಾಲೆ ಕುಂಕುಮ ಐತಿ, ಕೊಡಾಕ ಬರಂಗಿಲ್ಲ.”

“ಡಾಕ್ಟರು ಮೇಲೆಯೇ ಇದ್ದಾರಲ್ಲ, ಹೊಸತು ಬರೆಸಿ ತರ್ತೇನೆ. ಅಷ್ಟರಲ್ಲಿ ನೀವು ಕಪಾಟಿನ ಬೀಗ ತೆಗೆದಿಡಿ,” ಎಂದೆ.

ಮೂರು ಮಾಳಿಗೆ ಹತ್ತಿ ಬರೆಸಿ ತಂದೆ. ಅವರು ಅಕ್ಷರ ಅಕ್ಷರ ಓದಿ, ರಿಜಿಸ್ಟರಿನಲ್ಲಿ ನನ್ನ ಸಹಿ ಪಡೆದು, ಮಾತ್ರೆ ಕೊಟ್ಟರು. “ಇದನ್ನ ದೇವರ ಮುಂದ ಇಡಬ್ಯಾಡ್ರಿ, ಬೀಗ ಹಾಕಿ ಇಡ್ರಿ” ಎಂದರು.

ನಾಲ್ಕು ದಿನ ನಿದ್ದೆಯಿಲ್ಲದೆ ನರಳಿದ ಯಜಮಾನರು ಮಾತ್ರೆ ನುಂಗಿ ಈಗ ಗೊರಕೆ ಹೊಡೆಯುತ್ತಿದ್ದಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಗೊರಕೆಗೆ ನಾನು ಬೈಯಲಿಲ್ಲ.