ಉತ್ತಮನ ಗಂಟಿನ ದಾರ

೧೯೮೬ರಲ್ಲಿ ನಾನು ಚಿಕ್ಕೋಡಿಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಾಗವಾಡದ ಉತ್ತಮನಿಗೆ ‘ಕಳ್ಳ’ ಎಂಬ ಹೆಸರು ಬಂದದ್ದು ಆ ವರ್ಷ. ಅದು ಸುಳ್ಳು. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಿಪ್ಪಾಣಿಯ ತಂಬಾಕು ವ್ಯಾಪಾರಿ ಜಿನ್ನಪ್ಪನವರ ಪರವಾಗಿ ಉತ್ತಮ ಹಳ್ಳಿಗಳಲ್ಲಿ ಮಾಲು ನೋಡಿ, ದರ ಮಾತಾಡಿ, ಒಪ್ಪಿಗೆ ಕೇಳಲು ನಮ್ಮ ಕಚೇರಿಯಿಂದ ಟ್ರಂಕ್ ಕಾಲ್ ಮಾಡುತ್ತಿದ್ದ. ಒಂದು ಕರೆಗೆ ಸಿಗುತ್ತಿದ್ದುದು ಮೂರೇ ನಿಮಿಷ. ಪಕ್ಕದಲ್ಲೇ ಎದುರಾಳಿ ವ್ಯಾಪಾರಿಗಳ ದಲಾಲರು. ಆದ್ದರಿಂದ ಎಲೆಯ ಬಣ್ಣ, ಖಾರ, ತೇವ ಎಲ್ಲವನ್ನೂ ನಿಂತಲ್ಲೇ ದರ್ಜೆಯ ಅಂಕಿಗೆ ಇಳಿಸುತ್ತಿದ್ದ. ಪದೇ ಪದೇ ಬರುವ ದರ್ಜೆಗೆ ಒಂದಂಕಿ, ಅಪರೂಪದ್ದಕ್ಕೆ ಎರಡು.

ಗುಟ್ಟು ದಾರದಲ್ಲಿತ್ತು. ಜಿನ್ನಪ್ಪನವರ ಪತ್ನಿ ರಾಜಮತಿ ಕಣ್ಣು ಮುಚ್ಚಿ ಚಿಟಿಕೆಗೆ ಬಂದಷ್ಟು ಕಡಲೆ ತೆಗೆದು, ಅಷ್ಟೇ ಗಂಟುಗಳನ್ನು ಎರಡು ದಾರಗಳಿಗೆ ಹಾಕುತ್ತಿದ್ದರು. ಒಂದು ದಾರ ಸಾಹುಕಾರರ ಬಳಿ, ಇನ್ನೊಂದು ಉತ್ತಮನ ಬಳಿ. ಹೇಳಬೇಕಾದ ಪ್ರತಿ ಅಂಕಿಗೂ ದಾರದಲ್ಲಿ ಬೇರೆ ಗಂಟುಗಳ ಗೊಂಚಲು; ಅದನ್ನು ಕೂಡಿಸಿಯೇ ಹೇಳಬೇಕು. ದರ ಹದಿನಾಲ್ಕು, ಗಂಟು ಒಂಬತ್ತು ಇದ್ದರೆ ಫೋನಿನಲ್ಲಿ ಹೇಳುವುದು ಇಪ್ಪತ್ಮೂರು. ವಾರ ಮುಗಿದೊಡನೆ ದಾರಗಳು ಒಲೆಗೆ. ಯಾರು ಎಷ್ಟು ಕೇಳಿದರೂ ಏನೂ ದಕ್ಕುತ್ತಿರಲಿಲ್ಲ.

ಫಾಲ್ಗುಣದಲ್ಲಿ ಜೈನರ ಎಂಟು ದಿನಗಳ ಅಷ್ಟಾಹ್ನಿಕ ಪರ್ವ ಬಂತು. ವ್ಯಾಪಾರದ ಕೆಲಸ ಮುಟ್ಟುವುದಿಲ್ಲವೆಂದು ರಾಜಮತಿ ವ್ರತ ಹಿಡಿದರು. ಹೊಸ ದಾರ ಕಟ್ಟಲಿಲ್ಲ, ಹೋದ ವಾರದ ದಾರಗಳು ಒಲೆ ಸೇರದೆ ಗೂಟದಲ್ಲೇ ಉಳಿದವು. ಮುಂದಿನದನ್ನು ಉತ್ತಮನೇ ನನಗೆ ಹೇಳಿದ.

“ಸಾವಕಾರ್ರ, ನೀವರ ಹೊಸಾದು ಕಟ್ರಿ. ಒಮ್ಮೆ ಬಳಸಿದ್ದು ಮುಗೀತ್ರಿ ಅದು.”

“ಗಂಟಿಗೇನ್ ತೂತ್ ಬೀಳ್ತೈತೇನಲೇ? ಅದನ್ನ ತಗೊಂಡ್ ಹೋಗ. ಹೆಂಗಸರ ಕೆಲಸಾ ನಾ ಮಾಡ್ಲಿ?”

ಉತ್ತಮ ಹಳೆಯ ದಾರವನ್ನೇ ಹಿಡಿದು ಬಂದ. ಹೋದ ವಾರದ ದರಗಳನ್ನು ರೈತರೇ ಸಂತೆಯಲ್ಲಿ ಹೇಳಿಕೊಂಡಿದ್ದರು. ಉತ್ತಮ ಫೋನಿನಲ್ಲಿ ಹೇಳಿದ್ದ ಅಂಕಿಗಳಿಂದ ಆ ದರಗಳನ್ನು ಕಳೆದ ಎದುರಾಳಿ ದಲಾಲ ಭರಮುವಿಗೆ ಗಂಟುಗಳ ಎಣಿಕೆ ಸಿಕ್ಕಿತು. ಈ ವಾರ ಕೇಳಿದ ಅಂಕಿಗಳಿಂದ ಅದೇ ಎಣಿಕೆಯನ್ನು ಕಳೆದ, ದರ ಸಿಕ್ಕಿತು. ಜಿನ್ನಪ್ಪನವರ ಒಪ್ಪಿಗೆ ಬರುವ ಮೊದಲೇ ಪ್ರತಿ ಹೊಲದಲ್ಲೂ ಒಂದು ರೂಪಾಯಿ ಹೆಚ್ಚು ಕೊಟ್ಟು ಮಾಲು ಎತ್ತಿದ.

“ನನ್ನ ದರಾ ಮಾರಕೊಂಡಿ, ಕಳ್ಳಾ!” ಎಂದು ಜಿನ್ನಪ್ಪನವರು ಉತ್ತಮನನ್ನು ತಂಬಾಕು ದಾಸ್ತಾನಿನ ವಖಾರದಿಂದ ಹೊರಹಾಕಿದರು.

ತಾನು ಲೆಕ್ಕ ಬಿಡಿಸಿದ್ದನ್ನು ಭರಮು ಚಹಾದಂಗಡಿಯಲ್ಲಿ ನಗುತ್ತ ಹೇಳಿಕೊಂಡ. ನಾನು ರಜೆ ಹಾಕಿ ನಿಪ್ಪಾಣಿಗೆ ಹೋಗಿ ಜಿನ್ನಪ್ಪನವರಿಗೆ ಅದನ್ನು ತಿಳಿಸಿದೆ.

“ನಂಗೂ ಗೊತ್ತೈತ್ರಿ ಮಾಸ್ತರ. ಅಂವನ್ನ ತಿರುಗಿ ಕರಕೊಂಡ್ರ, ತಪ್ಪ ನಂದ ಅಂತ ಪ್ಯಾಟ್ಯಾಗ ಆಗತೈತಿ. ಚಾ ತಗೋರಿ.”

ನಾನು ಎದ್ದು ಬಂದೆ. ನಿಪ್ಪಾಣಿಯ ಯಾವ ವಖಾರವೂ ಉತ್ತಮನನ್ನು ಸೇರಿಸಿಕೊಳ್ಳಲಿಲ್ಲ. ೧೯೯೭ರಲ್ಲಿ ರಾಯಬಾಗದಲ್ಲಿ, ಕಬ್ಬಿನ ಗಾಡಿಗಳ ಕಾವಲುಗಾರನಾಗಿ ತೀರಿಕೊಂಡ. ಅಲ್ಲಿಯೂ ರಾತ್ರಿ ಪಾಳಿ ಮುಗಿಸಿ ಹೊರಡುವಾಗ ಅವನ ಚೀಲವನ್ನು ಬಿಚ್ಚಿಸಿ ನೋಡುತ್ತಿದ್ದರು.