ಮುಟ್ಟದೆ ಬಿಟ್ಟ ಹತ್ತಿ

ಆಗಿನ್ನೂ ನಮ್ಮ ಮಸ್ಕಿಯ ಕಡೆ ನಿಜಾಮರ ಆಳಿಕೆ. ಚಾವಡಿಯಲ್ಲಿ ಉರ್ದು, ಸಾಲೆಯಲ್ಲಿ ಉರ್ದು; ಕನ್ನಡವೆಲ್ಲ ಹೊಲದಲ್ಲಿ, ಒಲೆಯ ಮುಂದೆ. ಚಳಿ ಮುಗಿದು ಬಿಸಿಲು ಬಲಿಯತೊಡಗಿತೆಂದರೆ ಎರೆಹೊಲಗಳಲ್ಲಿ ಹತ್ತಿ ಅರಳುತ್ತಿತ್ತು. ಸುತ್ತಲಿನ ಹಳ್ಳಿಗಳ ಬಂಡಿಗಳು ಊರ ಹೊರಗಿನ ಕಾರ್ಖಾನೆಯ ಕಡೆ ಸಾಲುಗಟ್ಟುತ್ತಿದ್ದವು. ಹತ್ತಿಯಿಂದ ಕಾಳು ಬೇರ್ಪಡಿಸಿ ಅರಳೆ ಮಾಡುವ ಆ ಕಾರ್ಖಾನೆಗೆ ಎಲ್ಲರೂ 'ಜಿನ್ನು' ಎನ್ನುತ್ತಿದ್ದರು. ಅವ್ವ ಅಲ್ಲಿಯೇ ದುಡಿಯುತ್ತಿದ್ದಳು. ಸಂಜೆ ಬಂದಾಗ ಆಕೆಯ ತಲೆ, ಹುಬ್ಬು, ಸೀರೆ ಎಲ್ಲ ಬೆಳ್ಳಗೆ. ಮೈಯೆಲ್ಲ ಎಣ್ಣೆಗಾಳಿನ ಕಮಟು ವಾಸನೆ. ನನಗೆ ಆ ವಾಸನೆಯೆಂದರೆ ಅವ್ವ ಮನೆಗೆ ಬಂದಳು ಎಂದೇ ಅರ್ಥ.

ಅಪ್ಪ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಗೋಡೆಯಾಚೆ ಹುಸೇನಬಿ; ಆಕೆಯನ್ನು ನಾನು ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದೆ. ಅವ್ವ ಮತ್ತು ಆಕೆ ಜಿನ್ನಿನಲ್ಲಿ ಅಕ್ಕಪಕ್ಕದ ಯಂತ್ರಗಳಿಗೆ ಹತ್ತಿ ಉಣಿಸುವವರು. ಖಾಲಾ ಹೇಳುವ ಕತೆಗಳಲ್ಲೂ ಜಿನ್ ಎಂಬ ಒಂದು ಭೂತ ಬರುತ್ತಿತ್ತು. ಅದು ಹೊಗೆಯಂತೆ ಎದ್ದು ನಿಂತು, ಏನು ಕೊಟ್ಟರೂ ನುಂಗುತ್ತಿತ್ತು. ಕಾರ್ಖಾನೆಯ ಚಿಮಣಿಯ ಹೊಗೆ ಕಂಡಾಗಲೆಲ್ಲ ಒಳಗೆ ಅದೇ ಕೂತಿದೆಯೆಂದು ನಾನು ನಂಬಿದ್ದೆ. ಕೇಳಿದರೆ ಖಾಲಾ ನಗುತ್ತಿದ್ದಳು. "ಐತವ್ವ. ನಿಮ್ಮವ್ವ, ನಾ ಇಬ್ಬರೂ ಅದಕ್ಕ ದಿನಾ ಊಟಕ್ಕ ನೀಡಾಕ ಹೋಗ್ತೀವಿ."

ಒಂದು ಸಂತೆಯ ದಿನ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಗಜುಗದ ಆಟ ಆಡುತ್ತಿದ್ದೆ. ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಬಂದು ಅಂಗಳದ ಅಂಚಿನಲ್ಲೇ ನಿಂತಳು. ಹಳ್ಳದಾಚೆಯ ಹಳ್ಳಿಯ ದುರುಗವ್ವ. ಅಲ್ಲಿನ ಹೊಲಗೇರಿಯವಳು, ಜಾಗೀರದಾರರ ಹೊಲದಲ್ಲಿ ಹತ್ತಿ ಬಿಡಿಸುವವಳು. ಬಾಯಾರಿ ಬಂದಿದ್ದಳು. ಅವ್ವ ತಂಬಿಗೆ ತಂದು ಮೇಲಿನಿಂದ ಆಕೆಯ ಬೊಗಸೆಗೆ ನೀರು ಹಾಕಿದಳು. ಅಷ್ಟರಲ್ಲಿ ಖಾಲಾ ತನ್ನ ಮನೆಯಿಂದ ಬಂದವಳು, ಕೂಸಿಗೆಂದು ತನ್ನ ಲೋಟವನ್ನೇ ಆಕೆಯ ಕೈಗಿಟ್ಟಳು. ನಾನು ಒಮ್ಮೆ ಲೋಟ ನೋಡಿದೆ, ಒಮ್ಮೆ ಅವ್ವನ ಮುಖ ನೋಡಿದೆ.

"ಈ ಸಲ ನಾವು ಹತ್ತಿ ಬಿಡಸಾಕ ಬರಂಗಿಲ್ಲ ಅಂದೀವ್ರೀ ಅಕ್ಕಾರ," ಎಂದಳು ದುರುಗವ್ವ. "ಬಿಡಿಸಿದ್ದರಾಗ ಪಾಲು ಕೊಡ್ರಿ, ಇಲ್ಲಾಂದ್ರ ಕೂಲಿ ಕೊಡ್ರಿ ಅಂದೀವಿ. ನಿಮ್ಮ ಹಿರ್‍ಯಾರು ಬಿಟ್ಟಿ ದುಡದಾರ, ನೀವೂ ದುಡೀರಿ ಅಂತಾರ. ಈಗ ಜಾಗೀರಿನ ಬ್ಯಾರೆ ಊರಿಂದ ಮಂದೀನ ಹಿಡಕೊಂಡು ಬಂದು ಬಿಟ್ಟೀಲೇ ಬಿಡಸಾಕತ್ತಾರ. ನಾಳಿ ನಾಡದು ಆ ಬಂಡಿ ನಿಮ್ಮ ಜಿನ್ನಿಗೆ ಬರ್ತಾವ. ನೀವು ಅದನ್ನ ಮುಟ್ಟಬ್ಯಾಡ್ರಿ. ಇಷ್ಟ ಕೇಳಾಕ ಬಂದೀನಿ."

ಅವ್ವ ತಂಬಿಗೆ ಕೆಳಗಿಟ್ಟಳು. ಆಮೇಲೆ, "ಜಿನ್ನಿನಾಗ ನಮಗ ಪಗಾರ ಕೊಡ್ತಾರವ್ವ. ಬ್ಯಾಡ ಅಂದ್ರ ನಾಳಿ ನಮ್ಮ ಒಲಿ ಹತ್ತೋದು ಹ್ಯಾಂಗ?" ಎಂದಳು.

ಖಾಲಾ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. "ಗಂಗವ್ವ, ಇವರು ಬಿಡಿಸಿದ್ದ ಹತ್ತಿನ ಅಲ್ಲೇನು ನಮ್ಮ ಕೈಗೆ ಬರೋದು? ಹೊಲದಾಗ ಬಿಟ್ಟಿ ನಡದ್ರ ಇಲ್ಲೂ ನಡೀತೈತಿ ಅಂತ ನಮ್ಮ ಜಿನ್ನಿನ ಮಾಲಕ ಸೇಟಗ ಗೊತ್ತಾಗಾಕ ಎಷ್ಟು ದಿನ ಬೇಕು?"

ಜಿನ್ನಿನವರದು ಒಂದು ಸಂಘವಿತ್ತು. ಬಾಯ್ಲರಿಗೆ ಉರಿ ಹಾಕುವ ನಾಗಪ್ಪ ಕಾಕಾ ಅದರ ಹಿರಿಯ. ಪರವಾನಗಿಯಿಲ್ಲದೆ ಸಭೆ ಕೂಡುವಂತಿರಲಿಲ್ಲ. ಅದಕ್ಕೇ ಮರುದಿನ ನಸುಕಿನಲ್ಲಿ ಹೆಂಗಸರೆಲ್ಲ ಗಂಟು ಕಟ್ಟಿಕೊಂಡು ಹಳ್ಳಕ್ಕೆ ಬಟ್ಟೆ ಒಗೆಯಲು ಹೊರಟರು. ಕಾಕಾ ಎಮ್ಮೆ ಮೈ ತೊಳೆಯುವ ನೆಪದಲ್ಲಿ ಬಂದ. ನಾನೂ ಹೋಗಿದ್ದೆ. ಅವ್ವ ಗಂಟು ಬಿಚ್ಚಿದರೆ ಎಲ್ಲ ಮಡಿಚಿಟ್ಟ ಬಟ್ಟೆಗಳೇ.

"ಒಗದ ಸೀರಿ ಮತ್ಯಾಕ ಒಗೀತಿ ಬೇ?"

"ಸುಮ್ಮನ ತಿಕ್ಕು," ಎಂದಳು ಅವ್ವ.

ನಾನು ತಿಕ್ಕಿದೆ. ಕಲ್ಲಿಗೆ ಬಟ್ಟೆ ಬಡಿಯುವ ಸಪ್ಪಳದ ನಡುವೆ ಒಬ್ಬೊಬ್ಬರ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಕೆಲವರು ಬೇಡವೆಂದರು. ಒಬ್ಬಳು ಅತ್ತಳು. ಹಿಂದಿರುಗುವಾಗ ಎಲ್ಲರ ಸೀರೆಗಳೂ ತೊಯ್ದಿದ್ದವು, ಯಾರೂ ನಗುತ್ತಿರಲಿಲ್ಲ. ಏನು ತೀರ್ಮಾನವಾಯಿತೆಂದು ಅವ್ವನನ್ನು ಕೇಳಿದೆ. "ಆ ಹತ್ತಿ ಮುಟ್ಟಂಗಿಲ್ಲ ಅಂತ ಆತು," ಎಂದಳು. ಹತ್ತಿಯನ್ನು ಮುಟ್ಟಿದರೆ ಏನಾಗುತ್ತದೆ, ಕೈ ಸುಡುತ್ತದೆಯೇ ಎಂದು ನಾನು ಆ ದಿನವೆಲ್ಲ ಯೋಚಿಸಿದೆ.

ಬಂಡಿಗಳು ಬಂದವು. ನಾನು ಬೇಲಿಯ ಸಂದಿಯಿಂದ ನೋಡುತ್ತಿದ್ದೆ. ಹತ್ತಿಯ ರಾಶಿ ಒಳಗೆ ಬಿತ್ತು. ಹೆಂಗಸರು ಯಂತ್ರಗಳ ಮುಂದೆ ಕೈಕಟ್ಟಿ ಕೂತರು. ಬರಿ ಹೊಟ್ಟೆಯ ಯಂತ್ರಗಳ ಸದ್ದೇ ಬೇರೆಯಾಗಿತ್ತು, ಕಲ್ಲು ಕಡಿದಂತೆ. ಲೆಕ್ಕ ನೋಡುವ ಮುನೀಮ ಓಡಿಬಂದ. ಅವ್ವ ತಲೆ ಮೇಲೆ ಸೆರಗು ಹೊದ್ದು ಎದ್ದು ನಿಂತಳು. ಆಕೆ ಗಂಡಸರೆದುರು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಬ್ಯಾರೆ ಯಾರದಾರ ಹತ್ತಿ ತರಿಸ್ರಿ, ಈಗಿಂದೀಗ ಹಾಕ್ತೀವಿ. ಇದು ಬಿಟ್ಟಿ ಹತ್ತಿ. ಮುಟ್ಟಂಗಿಲ್ಲ."

"ಹತ್ತ್ಯಾಗ ಬಿಟ್ಟೀದು ಯಾವುದು, ಕೂಲೀದು ಯಾವುದು? ಎಲ್ಲಾ ಬೆಳ್ಳಗ ಇರ್ತೈತಿ."

"ಹೌದ್ರಿ. ಅದಕ್ಕ ಕೇಳಿ ತಿಳಕೊಂಡೀವಿ."

ನಾಗಪ್ಪ ಕಾಕಾ ಉರಿ ಇಳಿಸಿದ. ಯಂತ್ರಗಳು ಒಂದೊಂದಾಗಿ ನಿಂತವು.

ಜಾಗೀರಿನ ಉಳಿದ ಬಂಡಿಗಳು ದಾರಿಯಲ್ಲೇ ಉಳಿದವು. ನಮಗೆ ಮಕ್ಕಳಿಗೆ ಅದೊಂದು ಹೊಸ ಊರೇ ಸಿಕ್ಕಂತಾಗಿತ್ತು. ಬಂಡಿಯ ಕೆಳಗಿನ ನೆರಳಲ್ಲಿ ಆಡಿದೆವು. ಎತ್ತುಗಳ ಹೆಸರು ಕೇಳಿ ಕಲಿತೆವು. ಬಂಡಿ ಹೊಡೆಯುವವರೂ ಬಿಟ್ಟಿಯಲ್ಲಿ ಬಂದವರೇ. ಕಟ್ಟಿ ತಂದಿದ್ದ ಬುತ್ತಿ ಮುಗಿದಿತ್ತು. ಜಿನ್ನಿನ ಹೆಂಗಸರು ಅವರಿಗೂ ಸೇರಿಸಿ ರೊಟ್ಟಿ ಬಡಿಯತೊಡಗಿದರು. ಪುಂಡಿಪಲ್ಯ, ಶೇಂಗಾಹಿಂಡಿ ಇಟ್ಟುಕೊಂಡು ನಾನೇ ಒಯ್ದು ಕೊಡುತ್ತಿದ್ದೆ. ಅವರ ಹತ್ತಿ ಮುಟ್ಟದ ಅವ್ವ ಅವರಿಗೇ ರೊಟ್ಟಿ ಯಾಕೆ ಕಳಿಸುತ್ತಾಳೆಂದು ನನಗೆ ತಿಳಿಯುತ್ತಿರಲಿಲ್ಲ. ಬಂಡಿಯ ಮುದುಕನೊಬ್ಬನನ್ನು ಕೇಳಿಯೂ ಬಿಟ್ಟೆ. ಆತ ರೊಟ್ಟಿ ಮುರಿಯುತ್ತ, "ನನಗೂ ತಿಳಿವಲ್ದು ತಂಗಿ. ತಿಳಕೋಬೇಕು," ಎಂದ.

ಕುದುರೆಯ ಮೇಲೆ ಪೊಲೀಸ್ ಅಮೀನ ಸಾಹೇಬ ಬಂದ. ಕೆಲಸ ಯಾಕೆ ಬಿಟ್ಟಿರೆಂದು ಗದರಿಸಿದ. ಖಾಲಾ ಅವನ ಉರ್ದುವಿನಲ್ಲೇ ಉತ್ತರ ಕೊಟ್ಟಳು. ಅದನ್ನು ಅವ್ವ ಆಮೇಲೆ ನನಗೆ ಹೇಳಿದಳು: ಕೆಲಸ ಬಿಟ್ಟಿಲ್ಲ, ಅದೊಂದು ಹತ್ತಿಯನ್ನಷ್ಟೇ ಬಿಟ್ಟಿದ್ದೇವೆ. ಅಮೀನ ನಾಗಪ್ಪ ಕಾಕಾನನ್ನು ಲಿಂಗಸುಗೂರಿಗೆ ಹಿಡಿದುಕೊಂಡು ಹೋದ. ಹೆಂಗಸರು ಒಡೆದು ಹೋಗುತ್ತಾರೆಂದೇ ಮುನೀಮ ಕಾದ. ಮರುದಿನವೂ ಅವರು ಹೋಗಿ ಕೈಕಟ್ಟಿ ಕೂತರು.

ಕೊನೆಗೆ ದಾರಿ ಬಿಡಿಸಿದವರು ಬೇರೆ ರೈತರು. ಅವರ ಬಂಡಿಗಳು ಜಾಗೀರಿನ ಬಂಡಿಗಳ ಹಿಂದೆ ಸಿಕ್ಕಿಹಾಕಿಕೊಂಡಿದ್ದವು. ಎಲ್ಲರೂ ಸೇಟನ ಬಾಗಿಲಿಗೆ ಹೋದರು, ಸೇಟ ಜಾಗೀರದಾರರ ಬಾಗಿಲಿಗೆ ಹೋದ. ಹತ್ತಿ ಬಿಡಿಸುವವರಿಗೆ ಪಾಲು ಕೊಡುವುದೆಂದು ಒಪ್ಪಂದವಾಯಿತು. ದುರುಗವ್ವನವರು ಕೇಳಿದ್ದಷ್ಟಲ್ಲ, ಆದರೆ ಪಾಲು. ಜಾಗೀರದಾರರ ವಾಡೆಯೊಳಗಿನ ಬಿಟ್ಟಿ ಚಾಕರಿ ಹಾಗೆಯೇ ಉಳಿಯಿತು. ನಾಗಪ್ಪ ಕಾಕಾ ಸೊರಗಿ ಮನೆಗೆ ಬಂದ. ಜಿನ್ನು ಮತ್ತೆ ಶುರುವಾದ ದಿನ, ಅವ್ವ, ಖಾಲಾ, ಕಾಕಾ ಮೂವರಿಗೂ ಬಾಗಿಲಲ್ಲೇ ಹೇಳಿದರು: ನಿಮಗೆ ಕೆಲಸವಿಲ್ಲ.

ಅವ್ವ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ತಲೆಯಲ್ಲಿ ಅರಳೆಯ ಒಂದು ಎಳೆಯೂ ಇರಲಿಲ್ಲ.

ಆ ವಾರವೇ ದುರುಗವ್ವ ಮತ್ತೆ ಬಂದಳು. "ಹತ್ತಿ ಕಡೀ ಸಲ ಬಿಡಸೋದು ಇನ್ನಾ ಐತಿ. ನಮ್ಮ ಸಾಲಿನಾಗ ಬರ್ರಿ. ಪಾಲು ನಿಮಗೂ ಬರ್ತೈತಿ," ಎಂದಳು.

ಅವ್ವ, ಖಾಲಾ, ನಾನು ಹಳ್ಳ ದಾಟಿ ಹೋದೆವು. ಅಷ್ಟು ವರ್ಷ ಹತ್ತಿಯಲ್ಲೇ ಬದುಕಿದ್ದ ಅವ್ವನಿಗೆ ಗಿಡದಿಂದ ಹತ್ತಿ ಬಿಡಿಸಲು ಬರುತ್ತಿರಲಿಲ್ಲ. ಒಣಗಿದ ಕಾಯಿಯ ಚೂಪು ತಾಗಿ ಬೆರಳುಗಳೆಲ್ಲ ರಕ್ತ. ಆಕೆಯ ಸಾಲು ಹಿಂದೆ ಬೀಳುತ್ತಿತ್ತು. ಅಕ್ಕಪಕ್ಕದ ಹೆಂಗಸರು ಏನೂ ಹೇಳದೆ ತಮ್ಮ ಮಡಿಲಿನ ಹತ್ತಿಯನ್ನು ಒಂದೊಂದು ಹಿಡಿ ಆಕೆಯ ಮಡಿಲಿಗೆ ಹಾಕಿ ಮುಂದೆ ಹೋಗುತ್ತಿದ್ದರು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದಾಗ ದುರುಗವ್ವ ತನ್ನ ಮಣ್ಣಿನ ಮಗಿಯ ನೀರನ್ನು ನೆಲದ ಮೇಲಿಟ್ಟು ದೂರ ಸರಿದಳು. ಅವ್ವ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಎತ್ತಿ ಬಾಯಿಗೆ ಹಚ್ಚಿ ಕುಡಿದಳು.

ನಾನು ಬಾಯಿ ತೆರೆದದ್ದೇ, "ಏನೂ ಕೇಳಬ್ಯಾಡ, ಉಣ್ಣು," ಎಂದಳು.

ಕೆಲವೇ ವರ್ಷಗಳಲ್ಲಿ ನಿಜಾಮರ ಆಳಿಕೆ ಮುಗಿಯಿತು. ಆಗಿನ ಗಲಾಟೆಯಲ್ಲಿ ಹುಸೇನಬಿ ಖಾಲಾಳ ಮನೆಯವರು ಒಂದು ಮುಂಜಾನೆ ಬಾಗಿಲಿಗೆ ಕೀಲಿ ಹಾಕಿ ಹೊರಟುಹೋದರು. ಗುಲಬರ್ಗಾಕ್ಕೆ ಎಂದರು ಕೆಲವರು, ಹೈದರಾಬಾದಿಗೆ ಎಂದರು ಕೆಲವರು. ಆಮೇಲೆ ಸಿಂಧನೂರಿನತ್ತ ಕಾಲುವೆ ಬಂತು. ನಾವು ಹತ್ತಿ ಬಿಡಿಸಿದ ಹೊಲಗಳಲ್ಲೂ ಎಷ್ಟೋ ಈಗ ಭತ್ತದ ಗದ್ದೆ. ಕೊಯ್ಲಿಗೆ ಯಂತ್ರ ಬರುತ್ತದೆ, ಸಾಲು ಹಿಡಿದು ದುಡಿಯುವವರು ಬೇಕಿಲ್ಲ. ನನ್ನ ಮಗ, ಸೊಸೆ ಇಬ್ಬರಿಗೂ ಸಂಬಳದ ಕೆಲಸ, ಇಬ್ಬರಿಗೂ ಅವರವರ ಸಂಘ. ಅವು ತಮ್ಮವರಿಗಾಗಿ ಬೀದಿಗಿಳಿದದ್ದನ್ನು ನೋಡಿದ್ದೇನೆ. ಹಳ್ಳದಾಚೆಯವರಿಗಾಗಿ ಕೈಕಟ್ಟಿ ಕೂತದ್ದನ್ನು ಮತ್ತೆ ನೋಡಲಿಲ್ಲ.

ಅವ್ವ ಬದುಕಿರುವ ತನಕ ಹೈದರಾಬಾದಿನಿಂದ ಯಾರೇ ಬರಲಿ, ಅವರನ್ನು ಕೂರಿಸಿಕೊಂಡು ಕೇಳುತ್ತಿದ್ದಳು: "ನಮ್ಮ ಹುಸೇನಬಿ ಅಂತ ಇದ್ದಳ್ರೀ. ಎಡಗೈಲೇ ರೊಟ್ಟಿ ಬಡೀತಾಳ. ಎಲ್ಯಾರ ಕಂಡೀರೇನು?"

ಯಾರೂ ಕಂಡಿರಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಹೇಗೆ ಕಾಣಬೇಕು ಎಂದು ನಾನು ಆಗ ಅವ್ವನನ್ನು ನೋಡಿ ನಗುತ್ತಿದ್ದೆ. ಈಗ ನಾನೂ ಕೇಳುತ್ತೇನೆ.